ಕಿಡಕಿಗೆ ಕಾಣದ ಸಾಮು

ನಾನು ಬ್ಲೌಸ್ ಹೊಲಿಯೋಕಿ. ಮೈ ಅಳತಿ ನನಗ ಬಾಯಿಪಾಠ. ದೂರದಿಂದ ಒಬ್ಬಾಕಿ ನಡಕೊಂತ ಬರೋದು ನೋಡಿದ್ರ ಸಾಕು, ತೋಳು ಎಷ್ಟು, ಬೆನ್ನು ಎಷ್ಟು, ಯಾವ ಭುಜ ಇಳದೈತಿ ಅಂತ ಹೇಳಿಬಿಡ್ತೀನಿ. ಕೊಟ್ಟೂರಾಗ ನನ್ನ ಕೈಗೆ ಒಳ್ಳೆ ಹೆಸರು ಐತಿ, ಬಾಯಿಗೆ ಇಲ್ಲ. ಇರ್ಲಿ. ಇಷ್ಟು ಮಂದಿ ಮೈ ಓದಿದಾಕಿಗೆ ಸ್ವಂತ ತಂಗಿ ಮೈ ತಿಳೀಲಿಲ್ಲ. ಅಕಿಗೆ ಗರಡಿ ಸಾಮು ಅರ್ಧ ಕಲಿಸಿ ಪೂರಾ ಕಲಿಸೀನಿ ಅಂತ ಮೆರದೆ. ಅದನ್ನ ಅಪ್ಪನ ಮುಂದ ಒಪ್ಪಿಕೋಬೇಕಿತ್ತು. ಒಪ್ಪಿಕೊಂಡೆನೋ ಇಲ್ಲೋ ಅನ್ನೋದನ್ನ ಹೇಳಾಕಂತ ಕುಂತೀನಿ.

ಅಪ್ಪ ಗರಡಿ ಉಸ್ತಾದ. ಗರಡಿ ಅಂದ್ರ ದೊಡ್ಡದೇನಲ್ಲ. ಕಲ್ಲಿನ ಗ್ವಾಡಿ, ತಗಡಿನ ಮಾಡು, ನಡುವ ಕೆಮ್ಮಣ್ಣು, ಮೂಲ್ಯಾಗ ಹಣಮಪ್ಪನ ಕಲ್ಲು. ನಮ್ಮ ಅಡಿಗಿಮನಿ ಹಿಂದಿನ ಗ್ವಾಡಿನೂ ಗರಡಿ ಗ್ವಾಡಿನೂ ಒಂದ. ಹೆಣ್ಮಕ್ಕಳು ಗರಡಿ ಹೊಸ್ತಿಲು ದಾಟಂಗಿಲ್ಲ ಅನ್ನೋದು ಅಜ್ಜನ ಕಾಲದಿಂದ ಬಂದ ಪದ್ಧತಿ. ಒಳಗ ಕಸ ಹೊಡಿಯೋರೂ ಗಂಡಸರು, ಮಣ್ಣಿಗೆ ಮಜ್ಜಿಗಿ ಹಾಕಿ ಹದ ಮಾಡೋರೂ ಗಂಡಸರು. ಆ ಮಜ್ಜಿಗಿ ಕಡದು ಬಾಗಿಲ ತನಕ ತಂದಿಡೋದು ಮಾತ್ರ ನಾವು. ಅಷ್ಟಕ್ಕ ಯಾರದೂ ತಕರಾರಿರಲಿಲ್ಲ.

ಅವ್ವ ತೀರಿಕೊಂಡಾಗ ನನಗ ಹದಿನಾಲ್ಕು, ತಂಗಿಗೆ ಎಂಟು. ಅವತ್ತಿಂದ ಮುಂಜಾನಿ ಒಲಿ ನನ್ನ ಪಾಲಿಗೆ ಬಂತು. ಅಡಿಗಿಮನಿ ಹಿಂದಿನ ಗ್ವಾಡ್ಯಾಗ ಎತ್ತರಕ್ಕ ಒಂದು ಸಣ್ಣ ಕಿಡಕಿ ಇತ್ತು, ಗಾಳಿ ಆಡ್ಲಿ ಅಂತ ಯಾವಾಗೋ ಬಿಟ್ಟಿದ್ದು. ಒಳಕಲ್ಲಿನ ಕಟ್ಟಿ ಮ್ಯಾಲೆ ನಿಂತು ತುದಿಗಾಲು ಎತ್ತಿದ್ರ ಗರಡಿ ಒಳಗ ಕಾಣ್ತಿತ್ತು. ಮೊದಮೊದಲು ಹುಡುಗಾಟಕ್ಕ ನೋಡಿದೆ, ಆಮ್ಯಾಲೆ ಬಿಡಾಕಾಗಲಿಲ್ಲ. ಮನ್ಯಾಗ ಕೆಮ್ಮಿಕೊಂತ ಕೂಡ್ತಿದ್ದ ನನ್ನಪ್ಪ ಅಲ್ಲಿ ಬ್ಯಾರೆ ಮನಿಶ್ಯಾ ಆಗ್ತಿದ್ದ. ಒಂದು ಗದರಿಕಿಗೆ ಹದಿನೈದು ಮಂದಿ ಕೂತು ಏಳ್ತಿದ್ರು.

ಆ ಕಿಡಕಿಯಿಂದ ಆಚಿ ಕಡಿ ಅರ್ಧ ಅಷ್ಟ ಕಾಣತಿತ್ತು. ಬಸ್ಕಿ ನೋಡಿದೆ, ದಂಡ ನೋಡಿದೆ, ಕಟಿಗಿ ಲೋಡು ಭುಜದ ಸುತ್ತ ತಿರುಗಿಸೋದು ನೋಡಿದೆ, ಸಂಗ್ರಾಣಿ ಕಲ್ಲು ಎತ್ತೋದೂ ನೋಡಿದೆ. ಕಾಲಿನ ಹಿಂಬಡ ಎಷ್ಟು ಎತ್ತಬೇಕು, ಉಸಿರು ಎಲ್ಲಿ ಬಿಡಬೇಕು, ಎಲ್ಲಾ ಅಪ್ಪನ ಬಾಯಿಂದ ಕೇಳಿ ಕಲತೆ. ಇದೆಲ್ಲಾ ಮುಗದ ಮ್ಯಾಲೆ ಹುಡುಗರು ಈ ಕಡಿ ಬಂದು, ನಾ ನಿಂತ ಕಿಡಕಿ ಕೆಳಗ ಗ್ವಾಡಿ ಬುಡಕ್ಕ ಸೇರ್ತಿದ್ರು. ಅಲ್ಲಿ ನನಗ ಏನೂ ಕಾಣಿಸ್ತಿರಲಿಲ್ಲ. ಅಪ್ಪನ ದನಿ ಸಣ್ಣಾಗ್ತಿತ್ತು, ಯಾರೋ ಮುಲುಗತಿದ್ರು. ದಣದು ಅಡ್ಡಾಗ್ಯಾರ, ಎಣ್ಣಿ ಹಚ್ಚಿಕೊಳ್ಳಾಕತ್ತ್ಯಾರ ಅಂತ ತಿಳಕೊಂಡೆ. ಅದೂ ಅಲ್ದ ಆ ಹೊತ್ತಿಗೆ ನಾ ಕೆಳಗ ಇಳೀಲೇಬೇಕಿತ್ತು. ಅಪ್ಪ ಹೊರಗ ಬರೋದ್ರಾಗ ಚಾ ಕುದೀಬೇಕಲ್ಲ.

ತಂಗಿಗೆ ಸೈಕಲ್ಲಿನ ಹುಚ್ಚು ಹತ್ತಿದ್ದು ಕಾಲೇಜಿಗೆ ಹೋದ ಮ್ಯಾಲೆ. ಹರಪನಹಳ್ಳಿ ಮಾವನ ಮಗ ಮೋಟಾರ್ ಸೈಕಲ್ ತಗೊಂಡ, ಅವನ ಹಳೆ ಗೇರ್ ಸೈಕಲ್ಲು ನಮ್ಮನಿಗೆ ಬಂತು. ದಪ್ಪ ಟೈರು, ನೆಟ್ಟಗಿನ ಹ್ಯಾಂಡಲ್ಲು. ಊರಾಗಿನ ಡಾಂಬರ್ ರೋಡು ಅಕಿಗೆ ನಾಕು ದಿನಕ್ಕ ಬ್ಯಾಸರಾತು. ಕೂಡ್ಲಿಗಿ ಕಡಿ ಗುಡ್ಡಕ್ಕ ಹೊಂಟ್ಲು. ಬಂಡಿ ಹಾದಿ, ಕುರಿ ಹಾದಿ, ಬಂಡೆಗಲ್ಲಿನ ಸಂದಿ, ಎಲ್ಲಿ ಮನುಷ್ಯರು ನಡಿಯಾಕ ಹೆದರತಾರ ಅಲ್ಲಿ ಅಕಿಗೆ ಸೈಕಲ್ ಬೇಕಾಗಿತ್ತು. ಮಣಕಾಲು ಕೆತ್ತಿಸಿಕೊಂಡು ಬಂದು ನನ್ನ ಮಿಷಿನ್ನಿನ ಬಾಜೂಕ ಕುಂತು, “ಅಕ್ಕಾ, ಇಳಿಯೋದು ಬರತೈತಿ. ಹತ್ತಾಕ ಕಾಲು ಸಾಲವಲ್ವು” ಅಂದ್ಲು.

“ಕಾಲು ನಾ ಕೊಡ್ತೀನಿ ತಗೋ” ಅಂದೆ. ಎಂಥ ಮಾತು ಬಂತು ನೋಡ್ರಿ ನನ್ನ ಬಾಯಾಗ. ಹನ್ನೆರಡು ವರ್ಷ ಕಿಡಕ್ಯಾಗ ನಿಂತು ಕಲತಿದ್ದಕ್ಕ ಒಬ್ಬ ಶಿಷ್ಯೆ ಸಿಕ್ಕಿದ್ಲು, ನನಗ ಅದ ಖುಷಿ.

ಅಪ್ಪ ಮಧ್ಯಾಹ್ನ ಉಂಡು ಅಂಗಡಿ ಕಟ್ಟಿಗೆ ಹೋದ ಮ್ಯಾಲೆ ಹಿತ್ತಲ ಬಾಗಿಲು ಹಾಕಿ ಶುರು ಮಾಡ್ತಿದ್ವಿ. ಚೂಡಿದಾರದ ಓಢಣಿ ಸೊಂಟಕ್ಕ ಬಿಗದು ಬಸ್ಕಿ ಹೊಡಿಯಾಕ ನಿಲ್ತಿದ್ಲು. ನಾ ಎಣಸ್ತಿದ್ದೆ. ಐವತ್ತಕ್ಕ ಕಣ್ಣಾಗ ನೀರು ಬರ್ತಿತ್ತು, “ಅಳೋದಾದ್ರ ಎಣಿಕಿ ಮುಗಿಸಿ ಅಳು” ಅಂತಿದ್ದೆ. ಲೋಡು ಇರಲಿಲ್ಲ, ಒನಕಿ ತಿರುಗಿಸಿದ್ಲು. ಸಂಗ್ರಾಣಿ ಕಲ್ಲು ಇರಲಿಲ್ಲ, ಜ್ವಾಳದ ಚೀಲ ಹೊತ್ತು ಮಾಳಗಿ ಹತ್ತಿ ಇಳಿಸಿದೆ. ನೆಲ ಹಿಡದು ದಂಡ ಹೊಡಿಯೋವಾಗ ಅಕಿ ಮುಂಗೈ ನರ ಹುರಿಯಂಗ ಎದ್ದು ಕಾಣ್ತಿದ್ವು. ತಿಂಗಳಿಗೊಮ್ಮೆ ಟೇಪು ಹಿಡದು ತೊಡಿ ಅಳೀತಿದ್ದೆ. ಹದಿನೆಂಟು ಇಂಚು ಇದ್ದದ್ದು ಇಪ್ಪತ್ತೊಂದಾತು. ಪ್ಯಾಂಟಿನ ಹೊಲಗಿ ಬಿಚ್ಚಿ ಎರಡು ಸಲ ಅಗಲ ಮಾಡಿಕೊಟ್ಟೆ. ಗುಡ್ಡ ಹತ್ತೋದು ಅಕಿಗೆ ಈಗ ಲೆಕ್ಕಕ್ಕ ಇರಲಿಲ್ಲ.

ಆದ್ರ ಮೈ ಬಿಗೀತು. ನಾ ದಿನಾ ನೋಡ್ತಿದ್ದೆ, ನೋಡಿ ಹಿಗ್ಗತಿದ್ದೆ. ಚಕ್ಕಂಬಕ್ಕಳ ಹಾಕಿ ಕುಂತು ಕಾಜಾ ಮಾಡಿಕೊಡೋ ಹುಡುಗಿ, ಮಣಕಾಲು ನೆಲಕ್ಕ ಹತ್ತವಲ್ವು ಅಂತ ಕಾಲು ಚಾಚಿ ಕೂಡಾಕ ಹತ್ತಿದ್ಲು. ಬಟ್ಟಿ ಒಗಿಯೋ ಕಲ್ಲಿನ ಮುಂದ ಕುಕ್ಕರಗಾಲಾಗ ಕುಂತ್ರ ಹಿಂಬಡ ಎದ್ದು ನಿಲ್ತಿದ್ವು, ಹಿಂದಕ್ಕ ಬೀಳ್ತಿದ್ಲು. ಹಿಂದಿಂದ ಕರದ್ರ ಕುತಗಿ ತಿರುಗಿಸಿ ನೋಡ್ತಿರಲಿಲ್ಲ, ಇಡೀ ಮೈ ತಿರುಗಿಸಿಕೊಂಡು ನಿಲ್ತಿದ್ಲು. ನಾ ಅಕಿ ಬೆನ್ನಿಗೆ ಗುದ್ದಿ, “ಕಬ್ಬಿಣ ಆಗೀದಿ ಲೇ” ಅಂತ ನಗ್ತಿದ್ದೆ.

ಒಂದಿನ ಅಕಿನೇ ಕೇಳಿದ್ಲು. ಆ ಮಾತು ಇವತ್ತಿಗೂ ಹಂಗ ಕಿವ್ಯಾಗ ಐತಿ. “ಅಕ್ಕಾ, ಮೈಯೆಲ್ಲಾ ಯಾರೋ ಹಗ್ಗ ಹಾಕಿ ಜಗ್ಗಿದಂಗ ಆಕ್ಕತಿ. ಗರಡ್ಯಾಗ ಇದಕ್ಕೇನು ಮಾಡ್ತಾರ?”

“ಏನೂ ಮಾಡಂಗಿಲ್ಲ” ಅಂದೆ. “ಬಿದ್ಕೊಂತಾರ.”

ಆ ವರ್ಷ ಕಾಲೇಜಿಗೆ ಒಂದು ನೋಟಿಸ್ ಬಂದಿತ್ತು. ಗುಡ್ಡದ ಸೈಕಲ್ ಪಂದ್ಯಕ್ಕ ಹುಡುಗ್ಯಾರ ತಂಡ ಕಟ್ಟತಾರ, ಆಯ್ಕಿ ಕೂಡ್ಲಿಗಿ ಹತ್ರದ ಒಂದು ಗುಡ್ಡದಾಗ ಅಂತ. ಆಯ್ಕಿ ಆದ್ರ ಮುಂದ ಆಟದ ಕೋಟಾದಾಗ ಓದಾಕ ದಾರಿ ಆಕ್ಕತಿ, ಪಿ.ಟಿ. ಟೀಚರ್ ಆಗ್ತೀನಿ ಅಂತ ತಂಗಿ ಹಾರಾಡಿದ್ಲು. ಅಪ್ಪಗ ಖರೇ ಹೇಳೋ ಧೈರ್ಯ ಇಬ್ಬರಿಗೂ ಇರಲಿಲ್ಲ. ಹಡಗಲಿಗೆ ಮದುವಿ ಬ್ಲೌಸ್ ಕೊಡಾಕ ಹೊಂಟೀವಿ ಅಂತ ಸುಳ್ಳು ಹೇಳಿ, ಬುತ್ತಿ ಕಟಗೊಂಡು, ಸೈಕಲ್ಲು ಬಸ್ಸಿನ ಮ್ಯಾಲೆ ಹಾಕಿಸಿ ಕೂಡ್ಲಿಗಿ ದಾರಿ ಹಿಡದ್ವಿ. “ಬರೋವಾಗ ಮಲ್ಲಿಗಿ ತರ್ರಿ, ಹಣಮಪ್ಪಗ ಏರಿಸೋಣು” ಅಂತ ಅಪ್ಪ ಬಾಗಿಲಾಗ ನಿಂತು ಹೇಳಿದ್ದ.

ಗುಡ್ಡ ಹತ್ತೋದ್ರಾಗ ತಂಗಿ ಎಲ್ಲಾರಿಗಿಂತ ಮುಂದ ಇದ್ಲು. ಬ್ಯಾರೆ ಹುಡುಗ್ಯಾರು ಇಳದು ಸೈಕಲ್ ತಳ್ಳಾಕ ಹತ್ತಿದ್ರ ಇಕಿ ಕುಂತ ಹೊಡಕೊಂತ ಹೋದ್ಲು. ಬುಡದಾಗ ನಿಂತ ಮಂದಿ, “ಯಾರಮ್ಮಾ ಅಕಿ, ಏನ್ ಕಾಲಪ್ಪಾ” ಅಂದ್ರು. ನಮ್ಮ ಹುಡುಗಿ ಅಂತ ನಾಕು ಮಂದಿಗೆ ಕೇಳೋ ಹಂಗ ಹೇಳಿದೆ. ಹತ್ತೋಕ್ಕಿಂತ ಮೊದಲು ನೀರು ಕುಡಿಸಿ, ಹೆಳಲು ಬಿಗದು, ಕಡೀ ಮಾತು ಹೇಳಿ ಕಳಿಸಿದ್ದೆ. “ಇಳಿಯೋವಾಗ ಹ್ಯಾಂಡಲ್ ಗಟ್ಟಿ ಹಿಡಿ. ಮೈ ಬಿಗಿ ಹಿಡಿ.”

ಇಳಿಯೋದು ಒಬ್ಬೊಬ್ಬರೇ, ಚೀಟಿ ಎತ್ತಿದ ಸರದಿ ಮ್ಯಾಲೆ. ಮೊದಲು ಬಂದ ಇಬ್ಬರೂ ದಾವಣಗೆರಿ ಕಡಿಯೋರು. ಸೀಟು ಬಿಟ್ಟು ಕುಂಡಿ ಹಿಂದಕ್ಕ ತಂದು, ಮೊಳಕೈ ಮಣಕಾಲು ಅಗಲ ಮಾಡಿ, ಕಪ್ಪೆ ಕುಂತಂಗ ಕುಂತು ಬಂದ್ರು. ಕಲ್ಲು ಬಂದ್ರ ಸೈಕಲ್ಲು ಮ್ಯಾಲೆ ಕೆಳಗ ಕುಣೀತಿತ್ತು, ಅವರ ತಲಿ ಇದ್ದಲ್ಲೇ ಇರ್ತಿತ್ತು. ನೋಡು ಹೆಂಗ ಸಡ್ಲ ಬಿಟ್ಕೊಂಡು ಬರತಾವ ಅಂತ ನಾ ಮೂಗು ಮುರದೆ. ಮೂರನೇದಾಕಿ ನನ್ನ ತಂಗಿ. ಪೆಡಲ್ ಮ್ಯಾಲೆ ನೆಟ್ಟಗ ನಿಂತಿದ್ಲು. ಕಾಲು ನೆಟ್ಟಗ, ಕೈ ನೆಟ್ಟಗ. ಹಿಂದಕ್ಕ ಸರಿಯಾಕ ನೋಡಿದ್ಲು, ಸೊಂಟ ಮಡಚಲಿಲ್ಲ, ಅದು ಬುಡದಾಗ ನಿಂತ ನನಗೂ ಕಂಡಿತು. ಹತ್ತು ಮಾರು ಮ್ಯಾಲೆ ಇರೋವಾಗ ಮುಂದಿನ ಗಾಲಿ ಕಲ್ಲಿಗೆ ಬಡೀತು. ಸೈಕಲ್ಲು ನಿಂತಿತು, ಅಕಿ ಹ್ಯಾಂಡಲ್ ಮ್ಯಾಲಿಂದ ಹಾರಿ ಬಂಡೆಗಲ್ಲಿನ ಮ್ಯಾಲೆ ಬೆನ್ನು ಹಚ್ಚಿ ಬಿದ್ಲು.

ನಾ ಓಡಿ ಹೋಗೋದ್ರಾಗ ಕಣ್ಣು ತಗದಿದ್ಲು. ರಕ್ತ ಇರಲಿಲ್ಲ. ಏನೂ ಆಗಿಲ್ಲ ಅಂತ ಒಂದು ಗಳಿಗಿ ಜೀವ ತಣ್ಣಗಾತು. ಆಗ ಅಂದ್ಲು, “ಅಕ್ಕಾ, ಕಾಲು ಸೈಕಲ್ಲಾಗ ಸಿಕ್ಕೊಂಡಾವು. ಬಿಡಿಸು.” ಸೈಕಲ್ಲು ಅಲ್ಲೆಲ್ಲೋ ಮ್ಯಾಲೆ ಬಿದ್ದಿತ್ತು. ಅಕಿ ಕಾಲು ನನ್ನ ಮುಂದನ ಹುಲ್ಲಿನ ಮ್ಯಾಲೆ ಸುಮ್ಮನ ಇದ್ವು. ಅವನ್ನ ನಾ ಹಿಡದಿದ್ದೆ, ಹಿಡದದ್ದು ಅಕಿಗೆ ಗೊತ್ತಿರಲಿಲ್ಲ.

ದಾವಣಗೆರಿ ದವಾಖಾನ್ಯಾಗ ಎರಡು ತಿಂಗಳಾತು. ಬೆನ್ನೆಲುವಿನ ಒಳಗಿನ ನರ ಹೋಗೈತಿ, ಸೊಂಟದ ಕೆಳಗ ಇನ್ನ ಶಕ್ತಿ ಬರಂಗಿಲ್ಲ ಅಂದ್ರು. ಅಪ್ಪ ಬಂದ, ಮಂಚದ ಬಾಜೂಕ ನಿಂತ, ಯಾಕ ಏನು ಅಂತ ಒಂದು ಮಾತು ಕೇಳಲಿಲ್ಲ. ಬೈದಿದ್ರ ಚಲೋ ಇತ್ತು. ಬೈದಿದ್ರ ನಾನೂ ತಿರುಗಿ ಒದರಿ, ಆ ಒದರಾಟದಾಗ ಎಲ್ಲಾ ಹೇಳಿಬಿಡ್ತಿದ್ದೆನೋ ಏನೋ. ಮನಿಗೆ ಕಳಿಸೋವಾಗ ನರ್ಸಮ್ಮ ನನ್ನ ಕರದು, “ದಿನಾ ಕಾಲು ಆಡಿಸ್ರಿ, ಇಲ್ಲಾಂದ್ರ ಕೀಲು ಹಿಡಕೊಂತಾವು” ಅಂದ್ಲು. ಹೆಂಗ ಅಂತ ಕೇಳೋದ್ರಾಗ ಅಪ್ಪ ಬಾಯಿ ಹಾಕಿದ. “ಅದು ನನಗ ಬರತೈತಿ. ನಾ ಹೇಳ್ತೀನಿ, ನೀ ಮಾಡು.”

ಬೆಳದ ಮಗಳ ಕಾಲು ಮುಟ್ಟಾಕ ಅಪ್ಪನ ಜೀವ ಒಪ್ಪಲಿಲ್ಲ. ಅಕಿ ಮಲಗಿದ್ದು ಪಡಸಾಲಿ ಬಾಜೂಕಿನ ಕ್ವಾಣ್ಯಾಗ. ಅದರ ಕಿಡಕಿ ಅಂಗಳಕ್ಕ ಇತ್ತು. ಮರುದಿನ ಮುಂಜಾನಿ ಗರಡಿ ಮುಗಿಸಿ ಬಂದು ಆ ಕಿಡಕಿ ಹೊರಗ ನಿಂತು, ಬೆನ್ನು ನಮ್ಮ ಕಡಿ ಮಾಡಿ, ಹೇಳಾಕ ಹತ್ತಿದ.

“ಬಲಗಾಲು ಮಡಚು. ಮಣಕಾಲು ಎದಿಗೆ ತಾ. ದಬಾಯಿಸಬ್ಯಾಡ, ಅದು ಬಂದಷ್ಟ ಬರಲಿ. ಅಲ್ಲೇ ಹಿಡದು ಹತ್ತು ಎಣಸು. ಈಗ ಮಣಕಾಲು ಹೊರಗ ತಿರುವು, ಬೀಸೋಕಲ್ಲು ತಿರುವಿದಂಗ, ನಿಧಾನಕ. ತಿರುವಿದೇನು? ಎರಡೂ ಪಾದ ಕೂಡಿಸು, ಮಣಕಾಲು ಎರಡೂ ಕಡಿ ಬಿಡು. ಈಗ ಎರಡೂ ಮಣಕಾಲು ಒಂದ ಕಡಿ ಹೊಳ್ಳಿಸು, ಭುಜ ಏಳಬಾರದು.”

ಒಂದೊಂದ ಮಾಡ್ಕೊಂತ ಹೋದೆ. ಎಷ್ಟು ಅಚ್ಚುಕಟ್ಟು ಇತ್ತಂದ್ರ, ಇದನ್ನ ದವಾಖಾನ್ಯಾಗ ಕಲತು ಬಂದಾನ ಅಂದ್ಕೊಂಡೆ. “ಎಲ್ಲಿ ಕಲತಿ ಅಪ್ಪಾ ಇದನ್ನ?” ಅಂತ ಕೇಳಿದೆ.

“ಕಲಿಯೋದೇನು. ದಿನಾ ಗರಡ್ಯಾಗ ಮಾಡಸ್ತೀನಲ್ಲ. ಬಸ್ಕಿ, ದಂಡ ಆದ ಮ್ಯಾಲೆ ಗ್ವಾಡಿ ಬುಡಕ್ಕ ಮಲಗಿಸಿ ಅಷ್ಟೊತ್ತೂ ಇದನ್ನ ಮಾಡಸ್ಬೇಕು. ಇದಿಲ್ಲದ ಬರೇ ಸಾಮು ಮಾಡಿದ್ರ ಮೈ ಕಟಿಗಿ ಆಕ್ಕತಿ. ಬಿದ್ರ ಮುರೀತೈತಿ.”

ನನ್ನ ಕೈಯಾಗ ತಂಗಿ ಎಡಗಾಲಿತ್ತು. ಅದನ್ನ ಕೆಳಗ ಇಡಾಕೂ ಆಗಲಿಲ್ಲ, ಹಿಡಿಯಾಕೂ ಆಗಲಿಲ್ಲ. ತಲಿ ಎತ್ತಿದೆ. ತಂಗಿ ನನ್ನ ಮಾರಿನ ನೋಡಾಕ ಹತ್ತಿದ್ಲು. ಅಕಿಗೂ ತಿಳದಿತ್ತು. ಬಿದ್ಕೊಂತಾರ ಅಂತ ನಾ ಹೇಳಿದ್ದು ಇಬ್ಬರಿಗೂ ಒಂದ ಸಲಕ್ಕ ನೆಪ್ಪಾತು ಅಂತ ಕಾಣತೈತಿ. ಹೊರಗಿಂದ ಅಪ್ಪ, “ಆತೇನು?” ಅಂದ. “ಆತಪ್ಪಾ” ಅಂದೆ.

ಅವತ್ತು ಮಧ್ಯಾಹ್ನ ನಾ ಅಕಿ ಮಂಚದ ತುದಿಗೆ ಕುಂತು ಅತ್ತೆ. ಅಪ್ಪಗ ಹೇಳ್ತೀನಿ, ಇವತ್ತ ಸಂಜಿಗೆ ಹೇಳ್ತೀನಿ ಅಂದೆ. ತಂಗಿ ಮಾಡಿನ ಕಡಿ ನೋಡ್ಕೊಂತ, “ಹೇಳೋದಿದ್ರ ಹೇಳು, ಇಲ್ಲಾಂದ್ರ ಬಿಡು. ನನ್ನ ಮುಂದ ಅಳಬ್ಯಾಡ ಅಕ್ಕಾ, ಕಣ್ಣೀರು ಒರಸಾಕ ನಾ ಎದ್ದು ಬರಾಕ ಆಗಂಗಿಲ್ಲ” ಅಂದ್ಲು. ಸಿಟ್ಟಿಲೆ ಅಂದ್ಲೋ ಚಾಷ್ಟಿ ಮಾಡಿದ್ಲೋ ನನಗ ತಿಳೀಲಿಲ್ಲ. ಅಲ್ಲಿಂದ ಮುಂದ ಅಕಿ ಆ ಮಾತು ಎತ್ತಲಿಲ್ಲ. ಆ ಸಂಜಿ ನಾ ಅಪ್ಪಗ ರೊಟ್ಟಿ ನೀಡಿದೆ, ಪಲ್ಯ ನೀಡಿದೆ, ತಾಟು ತೊಳದೆ.

ಮೂರು ವರ್ಷಕ್ಕ ಹತ್ರ ಹಿಂಗ ನಡೀತು. ದಿನಾ ಮುಂಜಾನಿ ಅಪ್ಪ ಕಿಡಕಿ ಹೊರಗ, ನಾ ಒಳಗ, ನಡುವ ತಂಗಿ ಕಾಲು. ಬರ್ತಾ ಬರ್ತಾ ಕಾಲು ಕಾಲಾಗಿ ಉಳೀಲಿಲ್ಲ. ಒಂದಿನ ಮರತು, ಕುತಗ್ಯಾಗ ಇದ್ದ ಟೇಪು ಅಕಿ ತೊಡಿಗೆ ಸುತ್ತಿದೆ. ಹನ್ನೆರಡು ಇಂಚು ಬಂತು. “ಅಳೀಬ್ಯಾಡ” ಅಂದ್ಲು ತಂಗಿ. ಆ ಟೇಪು ಅವತ್ತ ಒಲಿಗೆ ಹಾಕಿದೆ. ಹೊಸಾದು ತಂದೆ, ದಂಧೆ ಬಿಡಾಕ ಬರತೈತೇನು. ಈಗ್ಲೂ ಯಾವಾಕಿಯರ ಮುಂದ ಮಣಕಾಲೂರಿ ಕುಂತು ಪ್ಯಾಂಟಿನ ಅಳತಿ ತಗೋವಾಗ ನನ್ನ ಕೈಗೆ ಆ ಹನ್ನೆರಡು ಇಂಚು ತಣ್ಣಗ ಬಂದು ಹತ್ತತೈತಿ. ಎದುರಿಗೆ ನಿಂತಾಕಿ, “ಯಾಕಕ್ಕಾ, ಮತ್ತ ಮತ್ತ ಅಳೀತೀಯಲ್ಲ” ಅಂತಾಳ. ಟೇಪು ಜಾರತೈತವ್ವಾ ಅಂತೀನಿ.

ಗರಡಿ ಈಗಿಲ್ಲ, ಮಣ್ಣು ಗಟ್ಟಿ ಆಗಿ ಬಿರಕ ಬಿಟ್ಟೈತಿ, ಬೀಗ ಜಂಗು ಹಿಡದೈತಿ. ಆದ್ರೂ ಮುಂಜಾನಿ ಚಾ ಇಡೋ ಹೊತ್ತಿಗೆ ಗ್ವಾಡಿ ಬುಡದಿಂದ ಆ ಸಣ್ಣ ದನಿ ಬರತೈತಿ. ಮೊದಲು ತಿಳೀದ ದನಿ, ಈಗ ಒಂದೊಂದು ಅಕ್ಷರ ತಿಳೀತೈತಿ. ಬಲಗಾಲು ಮಡಚು. ದಬಾಯಿಸಬ್ಯಾಡ. ಹತ್ತು ಎಣಸು. ನಾ ಚಾ ಕುದಿಯಾಕ ಬಿಟ್ಟು ಕಿವಿ ಮುಚ್ಚಿಕೊಂಡು ನಿಲ್ತೀನಿ, ಆದ್ರೂ ಕೇಳತೈತಿ.

ತಂಗಿ ಹೋಗಿದ್ದು ಜ್ವರದಾಗ. ಮೂತ್ರಪಿಂಡಕ್ಕ ನಂಜು ಏರಿತ್ತು, ನಾಕು ದಿನದಾಗ ಮುಗೀತು. ಮಣ್ಣು ಮಾಡಿ ಬಂದ ಮರುದಿನ ಮುಂಜಾನಿ ನಾನು ಅಕಿ ಕ್ವಾಣ್ಯಾಗ ಹಾಸಿಗಿ ಸುತ್ತಾಕ ಹತ್ತಿದ್ದೆ. ಬಾಗಿಲು ಮುಂದ ಮಾಡಿದ್ದೆ, ಸಪ್ಪಳ ಮಾಡಿರಲಿಲ್ಲ. ಕಿಡಕಿ ಹೊರಗ ಹೆಜ್ಜಿ ಸಪ್ಪಳಾತು. ಅಪ್ಪ ದಿನಾ ಬರೋ ಹೊತ್ತಿಗೆ ಬಂದು, ದಿನಾ ನಿಲ್ಲೋ ಹಂಗ ಬೆನ್ನು ಕೊಟ್ಟು ನಿಂತ. ಮರತು ಬಂದಾನ, ಈಗ ಬಲಗಾಲು ಅಂತಾನ ಅಂದ್ಕೊಂಡೆ. ಅವ ಮರತಿರಲಿಲ್ಲ. ಒಳಗ ಯಾರೂ ಇಲ್ಲ ಅಂತ ತಿಳಕೊಂಡು, ಸತ್ತ ಮಗಳ ಕೂಡ ಮಾತಾಡಾಕ ಬಂದಿದ್ದ.

“ಯವ್ವಾ” ಅಂದ. “ನನಗ ಗೊತ್ತಿತ್ತು ಯವ್ವಾ. ಗರಡಿ ಕಿಡಕ್ಯಾಗ ನೀ ನಿಂತು ನೋಡ್ತಿದ್ದಿ. ಸಣ್ಣಾಕಿದ್ದಾಗಿಂದ ನೋಡ್ತಿದ್ದಿ. ನೆಳ್ಳು ಕೆಮ್ಮಣ್ಣಿನ ಮ್ಯಾಲೆ ಬೀಳ್ತಿತ್ತು. ನನ್ನ ಮಗಳಿಗೆ ನನ್ನ ವಿದ್ಯೆ ಹತ್ತಾಕತ್ತೈತಿ ಅಂತ ಒಳಗೊಳಗ ಹಿಗ್ಗಿದೆ. ನಿನಗ ಕಾಣ್ಲಿ ಅಂತ ಹುಡುಗರನ್ನ ಆಚಿ ಕಡಿ ನಿಲ್ಲಿಸಿ ಸಾಮು ಮಾಡಿಸ್ತಿದ್ದೆ. ನಿನ್ನ ನಡಿಗಿ ಬಿಗದದ್ದೂ ನೋಡಿದೆ. ಗ್ವಾಡಿ ಬುಡದ್ದು ನಿನಗ ಕಂಡಿಲ್ಲ ಅಂತ ತಿಳೀತು. ಕರದು ಹೇಳಬೇಕಿತ್ತು. ಹೇಳಿದ್ರ ಉಸ್ತಾದನೇ ಹೆಣ್ಮಗಳಿಗೆ ಸಾಮು ಕಲಿಸಿದ ಅಂತಾರ ಅಂತ ಬಾಯಿ ಮುಚ್ಚಿಕೊಂಡೆ. ನಿನ್ನ ಕಾಲು ನಾ ತಿಂದೆ ಯವ್ವಾ.”

ಅಕಿ ಒಂದು ದಿನ ಸೈತ ಆ ಕಿಡಕಿಗೆ ನಿಂತಾಕಿ ಅಲ್ಲ. ಆ ಹೊತ್ತಿಗೆ ನನ್ನ ಬಾಜೂಕ ಕೌದಿ ಹೊದ್ದು ಮಲಗಿರ್ತಿದ್ಲು. ಆ ನೆಳ್ಳು ನನ್ನದು. ಅಪ್ಪ ಹಿಗ್ಗಿದ್ದು ನನ್ನ ನೋಡಿ, ಹುಡುಗರನ್ನ ಆಚಿ ಕಡಿ ನಿಲ್ಲಿಸಿದ್ದು ನನಗಂತ. ಇಷ್ಟು ವರ್ಷ ನನಗಂತ ಒಂದು ಒಳ್ಳೆ ಮಾತು ಆಡಲಿಲ್ಲಲ್ಲಾ ಅಂತ ಅವನ ಮ್ಯಾಲೆ ಸಿಟ್ಟಿತ್ತು, ಆ ಸಿಟ್ಟು ಅಲ್ಲೇ ನಿಂತು ನೀರಾತು. ಖರೇ ಹೇಳ್ತೀನಿ, ತಂಗಿ ಸತ್ತ ಮರುದಿನ ನನಗ ಒಂದು ಗಳಿಗಿ ಖುಷಿ ಆತು. ಅದರ ಹಿಂದನ ಕೈಯಾಗ ಅಕಿ ಹಾಸಿಗಿ ಐತಿ ಅಂತ ನೆಪ್ಪಾತು.

ಕಿಡಕಿಗೂ ನನಗೂ ಮೂರು ಅಡಿ. ಅಪ್ಪಾ, ಅಕಿ ಅಲ್ಲ, ನಾನು, ಅಂತ ಅಂದಿದ್ರ ಮುಗೀತಿತ್ತು. ಅವನ ಬೆನ್ನಿನ ಮ್ಯಾಲಿನ ಭಾರ ಇಳೀತಿತ್ತು. ನಾ ಸುತ್ತಿದ ಹಾಸಿಗಿ ಅವಚಿಕೊಂಡು, ಉಸಿರು ಹಿಡದು, ಅವ ಹೋಗೋ ತನಕ ನಿಂತೆ.

ಆ ವಾರದಾಗ ಅಪ್ಪ ಗರಡಿಗೆ ಬೀಗ ಹಾಕಿದ. ಹುಡುಗರು ಬಂದು ಕೇಳಿಕೊಂಡ್ರು, ಮಣಕಾಲು ನೋಯತಾವಪ್ಪಾ ಅಂತ ಅವರನ್ನ ಸಾಗಹಾಕಿದ. ಆಮ್ಯಾಲೆ ನಾಕು ವರ್ಷ ಬದುಕಿದ. ಎರಡು ಹೊತ್ತೂ ನನ್ನ ಕೈಲೆ ಉಂಡ, ನನ್ನ ಮಿಷಿನ್ನಿನ ಸಪ್ಪಳದಾಗ ಮಲಗಿದ. ಹೇಳಾಕ ನನಗ ನಾಕು ವರ್ಷ ಇತ್ತು. ಮೊದಲು ಹೆದರಿ ಹೇಳಲಿಲ್ಲ, ಆಮ್ಯಾಲೆ ಇಷ್ಟು ದಿನ ಯಾಕ ಹೇಳಲಿಲ್ಲ ಅಂತಾನಲ್ಲಾ ಅಂತ ಹೇಳಲಿಲ್ಲ.

ಜೀವ ಹೋಗೋ ದಿನ ಮುಂಜಾನಿ ಅಪ್ಪಗ ಮಾತು ಸ್ವಚ್ಛ ಇತ್ತು. ನನ್ನ ಕೈ ಹಿಡಕೊಂಡು, “ಅಕಿಗಂತೂ ಅನ್ಯಾಯ ಮಾಡಿದೆ. ನಿನಗೇನೂ ಮಾಡಿಲ್ಲ ಹೌದಲ್ಲ ಯವ್ವಾ?” ಅಂತ ಕೇಳಿದ.

“ನನಗೇನೂ ಮಾಡಿಲ್ಲಪ್ಪಾ” ಅಂದೆ. ಅಷ್ಟ ಅಂದೆ.